ಚಾಚದ ಕಾಲು

ಸತ್ತವನ ಮುಖವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸುವುದು ಎಂದು ತೀರ್ಮಾನವಾದಾಗ ಕೊಂಕಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ತೀರ್ಮಾನವಾದ ಜಾಗವೂ ಅಂಥದ್ದೇ. ಅವರ ಬೈಕು ಗುಂಪಿನ ಮುಖಂಡ, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವವನು, ಬಚ್ಚಲುಮನೆಯ ಸಾಮಾನು ಮಾರುವ ಮಳಿಗೆ ಇಟ್ಟುಕೊಂಡಿದ್ದ. ಭಾನುವಾರದ ಸವಾರಿಯ ವಿಷಯ ಏನೇ ಇದ್ದರೂ ಸಭೆ ಅಲ್ಲಿಯೇ. ಒಂದು ಕಡೆ ಟೈಲ್ಸಿನ ಗೋಡೆ, ಇನ್ನೊಂದು ಕಡೆ ಮುಚ್ಚಳ ತೆರೆದು ಸಾಲಾಗಿ ಕೂತ ಕಮೋಡುಗಳು. ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಲವತ್ತರ ಆಚೀಚೆಯ ನಾಲ್ಕು ಗಂಡಸರು, ದುಃಖಕ್ಕೆ ಕಪ್ಪು ಬಟ್ಟೆ ಒಪ್ಪುತ್ತದೋ ಬಿಳಿ ಬಟ್ಟೆ ಒಪ್ಪುತ್ತದೋ ಎಂದು ಮುಕ್ಕಾಲು ಗಂಟೆ ಚರ್ಚೆ ಮಾಡಿದರು.

"ಕಪ್ಪಾದ್ರೆ ಫೋಟೊ ಎದ್ದು ಕಾಣುತ್ತೆ," ಎಂದ ಫೋಟೊ ಸ್ಟುಡಿಯೋದವನು.

"ಬಿಳಿಯಾದ್ರೆ ಆಮೇಲೂ ಹಾಕ್ಕೋಬಹುದು," ಎಂದ ಔಷಧಿ ಅಂಗಡಿಯವನು.

"ಬನಿಯನ್ ಮೇಲೂ ಹಾಕ್ಸಿಬಿಡಿ," ಎಂದ ಕೊಂಕಪ್ಪ. "ಮಲಗಿದಾಗ್ಲೂ ಮರೀಬಾರ್ದು ನೋಡಿ."

ಯಾರೂ ನಗಲಿಲ್ಲ. ಇಂಥ ಮಾತಿಗೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ಒಬ್ಬನೇ. ಅವನು ಸತ್ತು ಐದು ವಾರವಾಗಿತ್ತು.

ಕೊಂಕಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಈ ಮನುಷ್ಯನ ಬಾಯಿಂದ ನೆಟ್ಟಗಿನ ಮಾತೊಂದು ಉದುರುವುದಿಲ್ಲವೆಂದು ಆ ಹೆಸರಿಟ್ಟವನು ಈ ಸತ್ತವನೇ, ದಡಿಯ. ಪ್ರತಿಯಾಗಿ ಅವನಿಗೆ ದಡಿಯ ಎಂದು ಹೆಸರಿಟ್ಟವನು ಕೊಂಕಪ್ಪ. ನೂರಾ ನಾಲ್ಕು ಕೆಜಿಯ ಆಳು, ಕೆಲಸ ಮಾತ್ರ ಲಿಫ್ಟು ರಿಪೇರಿ. ಬೇರೆಯವರ ಕಟ್ಟಡಗಳ ಕತ್ತಲೆ ಬಾವಿಗಳಲ್ಲಿ ವಾರವಿಡೀ ಹತ್ತಿ ಇಳಿದು ಸಾಕಾಗಿ, ಭಾನುವಾರವಾದರೂ ನೆಲದ ಮೇಲೆ ಉದ್ದಕ್ಕೆ ಹೋಗಬೇಕು ಎಂದು ಬೈಕು ಕೊಂಡಿದ್ದ. ಹದಿನಾಲ್ಕು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೇ ಜೊತೆಗಿದ್ದರು. ಗಂಡಸರ ಸ್ನೇಹದಲ್ಲಿ ಅದಕ್ಕಿಂತ ಹೆಚ್ಚಿನದು ಯಾರಿಗೂ ಬೇಕಾಗುವುದಿಲ್ಲ.

ಟೀ ಶರ್ಟು ಕಪ್ಪಿನದೇ ಎಂದಾಯಿತು. ಮುಖದ ಎರಡು ಕಡೆ ರೆಕ್ಕೆ. ಕೆಳಗೆ 'ನಮ್ಮ ಹೃದಯದ ಹೆದ್ದಾರಿಯಲ್ಲಿ ನೀನು ಸದಾ ಸವಾರ' ಎಂಬ ಸಾಲು. ಅದನ್ನು ಬರೆದವನು ಕ್ಯಾಪ್ಟನ್. ಬರೆದು ತಾನೇ ಓದಿ ಕಣ್ಣೊರೆಸಿಕೊಂಡ. ಇವನ ಕಣ್ಣೀರೂ ಷವರಿನ ಹಾಗೆ, ತಿರುಗಿಸಿದ ತಕ್ಷಣ ಬರುತ್ತದೆ ಎಂದುಕೊಂಡ ಕೊಂಕಪ್ಪ.

"ಭಾನುವಾರ ಬೆಳಿಗ್ಗೆ ಎಲ್ಲರೂ ದಡಿಯ ಬಿದ್ದ ಆ ತಿರುವಿಗೆ ಹೋಗೋಣ," ಎಂದ ಕ್ಯಾಪ್ಟನ್. "ಎರಡು ನಿಮಿಷ ಮೌನ. ಆಮೇಲೆ ಗುಮಾಸ್ತನ ವಿಷಯ. ಅವನನ್ನ ಗುಂಪಿಂದ ತೆಗೆದಾಯ್ತು ಅಂತ ಎದುರಿಗೇ ಹೇಳಿ, ಜಾಕೆಟ್ ಇಸ್ಕೊಂಡುಬಿಡೋಣ. ಒಬ್ಬನ ಜೀವ ತೆಗೆದು ನಮ್ಮ ಜಾಕೆಟ್ ಹಾಕ್ಕೊಂಡು ತಿರುಗ್ತಾನೆ ಅಂದ್ರೆ ಏನರ್ಥ?"

"ಯಾರು ಹೇಳೋದು?" ಎಂದ ಔಷಧಿ ಅಂಗಡಿಯವನು.

ಮೂವರೂ ಕೊಂಕಪ್ಪನ ಕಡೆ ತಿರುಗಿದರು.

"ನೀನೇ ಹೇಳ್ಬೇಕು," ಎಂದ ಕ್ಯಾಪ್ಟನ್. "ನೀನು ಅವನ ಜೀವದ ಗೆಳೆಯ. ಅದಕ್ಕಿಂತ ಹೆಚ್ಚಾಗಿ, ಕಣ್ಣಾರೆ ಕಂಡವನು."

"ಆಯ್ತು," ಎಂದ ಕೊಂಕಪ್ಪ. ಬೇರೆ ಏನು ಹೇಳಿದರೂ ಉಳಿದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು.

ಅವನು ಕಣ್ಣಾರೆ ಕಂಡಿದ್ದು ಏನು ಎಂಬುದನ್ನು ಇಲ್ಲಿಯೇ ಹೇಳಿ ಮುಗಿಸುವುದು ವಾಸಿ. ಗುಂಪಾಗಿ ಬೈಕು ಓಡಿಸುವವರಲ್ಲಿ ಒಂದು ಕ್ರಮವಿದೆ. ಮುಂದೆ ಹೋಗುವವನಿಗೆ ರಸ್ತೆಯಲ್ಲಿ ಗುಂಡಿಯೋ ಜಲ್ಲಿಯೋ ಕಂಡರೆ, ಅದು ಯಾವ ಬದಿಗಿದೆಯೋ ಆ ಬದಿಯ ಕಾಲನ್ನು ಹೊರಕ್ಕೆ ಚಾಚುತ್ತಾನೆ. ಕೈ ಬಿಡುವ ಹಾಗಿಲ್ಲ, ಕೂಗಿದರೆ ಕೇಳುವುದಿಲ್ಲ, ಅದಕ್ಕೇ ಕಾಲು. ಅದನ್ನು ಕಂಡ ಎರಡನೆಯವನು ತನ್ನ ಕಾಲು ಚಾಚುತ್ತಾನೆ, ಅವನನ್ನು ಕಂಡು ಮೂರನೆಯವನು. ಹೀಗೆ ಆ ಗುಂಡಿಯ ಸುದ್ದಿ ಕಾಲಿಂದ ಕಾಲಿಗೆ ಕೊನೆಯವನವರೆಗೂ ಹೋಗುತ್ತದೆ. ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನನ್ನು ನಂಬಿಕೊಂಡೇ ಅವನು ಬರುತ್ತಿರುತ್ತಾನೆ.

ಈ ಕ್ರಮದಲ್ಲಿ ಕೊಂಕಪ್ಪನಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಅವನು ಹಲ್ಲಿನ ಸೆಟ್ಟು ಕಟ್ಟುವವನು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಯಾರದೋ ಬಾಯಿ ಹುಣ್ಣಾಗುತ್ತದೆ ಎಂದು ಗೊತ್ತಿದ್ದವನು. ಅಂಗೈಯಗಲದ ಗುಂಡಿಗೂ ಕಾಲು, ಒದ್ದೆ ಎಲೆಗೂ ಕಾಲು. ಅವತ್ತು ಬೆಳಿಗ್ಗೆ ಊರಾಚೆಯ ಚಹಾದಂಗಡಿಯಲ್ಲಿ ದಡಿಯ ಅದನ್ನೇ ಹಿಡಿದುಕೊಂಡ.

"ಇವನ ಹಿಂದೆ ಹೋಗೋದು ಅಂದ್ರೆ ಕಂಬ ಕಂಡಲ್ಲೆಲ್ಲ ಕಾಲೆತ್ತೋ ನಾಯಿ ಹಿಂದೆ ಹೋದ ಹಾಗೆ," ಎಂದ. ಬರೀ ಎಂದಿದ್ದರೆ ಪರವಾಗಿರಲಿಲ್ಲ. ಅಷ್ಟು ದೊಡ್ಡ ಮೈಯನ್ನು ಬಾಗಿಸಿ, ಒಂದು ಕಾಲೆತ್ತಿ, ಬೆಂಚಿನ ಪಕ್ಕ ಮಾಡಿಯೂ ತೋರಿಸಿದ. ಅಂಗಡಿಯವನು ನಕ್ಕ. ಕ್ಯಾಪ್ಟನ್ ಚಹಾ ನೆತ್ತಿಗೇರಿಸಿಕೊಂಡ. ಯಾವತ್ತೂ ಹಲ್ಲು ಬಿಡದ ಗುಮಾಸ್ತ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಊರಿನವರನ್ನೆಲ್ಲ ಆಡಿಕೊಳ್ಳುವ ಕೊಂಕಪ್ಪನಿಗೆ ತನ್ನನ್ನು ಆಡಿಕೊಂಡರೆ ತಡೆಯುವುದಿಲ್ಲ. ಇಂಥವರ ಚರ್ಮವೇ ಹಾಗೆ, ಕೊಡುವಾಗ ದಪ್ಪ, ತಗೊಳ್ಳುವಾಗ ತೆಳು. ಅವನು ಚಹಾ ಅರ್ಧಕ್ಕೆ ಬಿಟ್ಟು ಹೆಲ್ಮೆಟ್ ಹಾಕಿಕೊಂಡ. ಇವತ್ತು ನಿನಗೆ ಕಾಲು ತೋರಿಸಿದರೆ ಕೇಳು ಎಂದುಕೊಂಡ. ಬಾಯಿ ಬಿಟ್ಟು ಹೇಳಲಿಲ್ಲ.

ಕ್ಯಾಪ್ಟನ್‌ನ ಚಕ್ರದಲ್ಲಿ ಗಾಳಿ ಕಡಿಮೆಯಿತ್ತು. ಅವನೂ ಉಳಿದಿಬ್ಬರೂ ಗಾಳಿ ತುಂಬಿಸಲು ನಿಂತು, "ಗುಮಾಸ್ತ, ಇವತ್ತು ನೀನು ಮುಂದೆ ಹೋಗು, ನಿಧಾನಕ್ಕೆ ನಡೀರಿ," ಎಂದರು. ಹಾಗಾಗಿ ಆ ತಿರುವಿಗೆ ಬಂದವರು ಮೂವರೇ. ಮುಂದೆ ಗುಮಾಸ್ತ, ನಡುವೆ ಕೊಂಕಪ್ಪ, ಹಿಂದೆ ದಡಿಯ. ತಿರುವಿನ ಎಡಬದಿಯಲ್ಲಿ ಯಾವುದೋ ಲಾರಿ ಜಲ್ಲಿ ಚೆಲ್ಲಿಕೊಂಡು ಹೋಗಿತ್ತು. ಗುಮಾಸ್ತ ಎಡಗಾಲು ಚಾಚಿದ. ಹೆದರುಪುಕ್ಕಲ, ಪಾಠ ಒಪ್ಪಿಸುವ ಹುಡುಗನ ಹಾಗೆ ಪೂರ್ತಿ ಉದ್ದಕ್ಕೆ ಚಾಚಿದ. ಕೊಂಕಪ್ಪ ಸ್ಪಷ್ಟವಾಗಿ ನೋಡಿದ, ಬೈಕನ್ನು ಬಲಕ್ಕೆ ತೆಗೆದುಕೊಂಡು ದಾಟಿದ, ಕಾಲನ್ನು ಮಾತ್ರ ಇದ್ದಲ್ಲಿಂದ ಅಲುಗಿಸಲಿಲ್ಲ.

ಹಿಂದೆ ಸದ್ದಾಯಿತು. ದಡಿಯನ ತಲೆಗೆ ಏನೂ ಆಗಿರಲಿಲ್ಲ. ಎದೆ ಮೋರಿಯ ಕಟ್ಟೆಗೆ ಬಡಿದಿತ್ತು. ಹತ್ತು ನಿಮಿಷದ ಮೇಲೆ ಉಳಿದ ಮೂವರು ಬರುವ ಹೊತ್ತಿಗೆ ಅವನ ಉಸಿರು ನಿಂತಿತ್ತು. ಗುಮಾಸ್ತ ರಸ್ತೆಯ ಮೇಲೆ ಕೂತು ಅವನ ಕೈಗವಸು ಬಿಚ್ಚುತ್ತಿದ್ದ, ಯಾಕೆ ಬಿಚ್ಚುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ.

ಕ್ಯಾಪ್ಟನ್ ಜಲ್ಲಿ ನೋಡಿದ, ಗುಮಾಸ್ತನನ್ನು ನೋಡಿದ. "ಇವನು ಕಾಲು ತೋರಿಸ್ಲಿಲ್ವಾ?" ಎಂದು ಕೊಂಕಪ್ಪನನ್ನು ಕೇಳಿದ.

"ನಂಗೇನೂ ಕಾಣ್ಲಿಲ್ಲ," ಎಂದ ಕೊಂಕಪ್ಪ.

ಅಷ್ಟೇ ಅವನು ಆಡಿದ್ದು. ಉಳಿದದ್ದನ್ನು ಉಳಿದವರು ಕಟ್ಟಿದರು. ವಾರ ಕಳೆಯುವಷ್ಟರಲ್ಲಿ ಗುಮಾಸ್ತ ಮುಂದೆ ನಿದ್ದೆಗಣ್ಣಲ್ಲಿ ಹೋಗುತ್ತಿದ್ದ ಎಂದಾಯಿತು, ಎರಡು ವಾರಕ್ಕೆ ಫೋನು ನೋಡುತ್ತಿದ್ದ ಎಂದಾಯಿತು.

ಅಂದಿನಿಂದ ಕೊಂಕಪ್ಪನ ಬಾಯಿಗೆ ತಡೆಯೇ ಇಲ್ಲ. ಬೈಕು ಮಾರಿಬಿಡು ಎಂದು ದಿನಕ್ಕೆರಡು ಸಲ ಫೋನು ಮಾಡುವ ಅಕ್ಕನಿಗೆ, "ಭಾವ ಮಂಚದ ಮೇಲೇ ಹೋದ್ರಲ್ಲ, ನೀನು ಮಂಚ ಮಾರಿದ್ಯಾ?" ಎಂದುಬಿಟ್ಟ. ಅವಳು ಫೋನಿಟ್ಟಳು, ಮತ್ತೆ ಮಾಡಲಿಲ್ಲ. ಸಂತಾಪ ಹೇಳಲು ಬಂದ ಹಲ್ಲಿನ ಡಾಕ್ಟರಿಗೆ, ಮೊದಲು ಅಚ್ಚು ನೆಟ್ಟಗೆ ತೆಗೆದು ಕಳಿಸಿ ಎಂದ. ಎಲ್ಲರೂ ಮೂರ್ಖರು, ಎಲ್ಲರೂ ನಾಟಕದವರು. ಸತ್ತವನೂ ಮೂರ್ಖನೇ. ದಿನಾ ಬೆಳಿಗ್ಗೆ ಬೈಕು ಹತ್ತುವಾಗ, ಕತ್ತೆ, ಅಷ್ಟು ದೊಡ್ಡ ಕಣ್ಣಿದ್ದವು, ನೋಡಿಕೊಂಡು ಬರೋದಕ್ಕೇನಾಗಿತ್ತು ನಿನಗೆ ಎಂದು ದಡಿಯನನ್ನು ಬೈಯುತ್ತಿದ್ದ. ಬೈದ ಮೇಲೆ ಪ್ರತ್ಯುತ್ತರಕ್ಕೆಂದು ಒಂದು ಗಳಿಗೆ ಸುಮ್ಮನಿರುವುದು ಹದಿನಾಲ್ಕು ವರ್ಷದ ಅಭ್ಯಾಸ. ಆ ಒಂದು ಗಳಿಗೆ ಅವನಿಗೆ ಸಹಿಸಲು ಆಗುತ್ತಿರಲಿಲ್ಲ.

ಸಭೆಯ ಮರುದಿನ ಗುಮಾಸ್ತ ಅವನ ಕೆಲಸದ ಕೋಣೆಗೆ ಬಂದ. ಉದ್ದನೆಯ ಮೇಜು, ಅದರ ಮೇಲೆ ಪ್ಲಾಸ್ಟರಿನ ದವಡೆಗಳು, ಮೇಣ ಕರಗಿಸುವ ಸಣ್ಣ ಉರಿ, ರಟ್ಟಿನ ಪಟ್ಟಿಗೆ ಸಾಲಾಗಿ ಅಂಟಿಸಿದ ಹಲ್ಲುಗಳು. ಕೊಂಕಪ್ಪ ಒಂದು ಕೆಳದವಡೆಗೆ ಬಾಚಿಹಲ್ಲು ಕೂರಿಸುತ್ತಿದ್ದ. ಗುಮಾಸ್ತ ನೀರು ಸರಬರಾಜು ಕಚೇರಿಯವನು, ಊರಿನವರ ಅರ್ಜಿಗಳಿಗೆ ಮೊಹರು ಹಾಕಿ ಹಾಕಿ ಬೆನ್ನು ಬಗ್ಗಿದವನು. ಈಗ ಇನ್ನಷ್ಟು ಬಗ್ಗಿದ್ದ. ಗಡ್ಡ ಬೆಳೆದಿತ್ತು. ಕೂರು ಎಂದರೂ ಕೂರಲಿಲ್ಲ.

"ಅಣ್ಣಾ, ಒಂದೇ ಒಂದು ವಿಷಯ ಕೇಳ್ಬೇಕಿತ್ತು," ಎಂದ. "ನಾನು ಅವತ್ತು ಕಾಲು ಚಾಚಿದ್ನಾ, ಇಲ್ವಾ?"

"ಕಾಲು ನಿಂದು. ನನ್ನ ಕೇಳ್ತೀಯಲ್ಲ."

"ಚಾಚಿದೆ ಅಂತಾನೇ ಇತ್ತು ನಂಗೆ. ಮೊದಲ ದಿನ ಗ್ಯಾರಂಟಿ ಇತ್ತು. ಎಲ್ಲರೂ ಇಲ್ಲ ಇಲ್ಲ ಅಂದು ಅಂದು, ಈಗ ಕಣ್ಣು ಮುಚ್ಚಿದ್ರೆ ನನ್ನ ಕಾಲು ಫುಟ್‌ರೆಸ್ಟ್ ಮೇಲೇ ಕಾಣುತ್ತೆ ಅಣ್ಣಾ. ನೀವು ನನ್ನ ಹಿಂದೇನೇ ಇದ್ರಿ. ನೀವು ಸುಳ್ಳು ಹೇಳೋರಲ್ಲ. ಎಷ್ಟು ಖಾರವಾದ್ರೂ ಇದ್ದದ್ದು ಇದ್ದ ಹಾಗೆ ಹೇಳೋರು. ಅದಕ್ಕೇ ಬಂದೆ."

ಕೊಂಕಪ್ಪನಿಗೆ ಅವನ ಮೇಲೆ ಅಸಹ್ಯ ಉಕ್ಕಿಬಂತು. ತನ್ನ ಕಾಲು ತಾನು ಚಾಚಿದೆನೋ ಇಲ್ಲವೋ ಎಂದು ಬೇರೆಯವರ ಹತ್ತಿರ ಕೇಳಿ ತಿಳಿದುಕೊಳ್ಳುವ ಮನುಷ್ಯ. ನಾಲ್ಕು ಜನ ಸೇರಿ ನಿನ್ನ ತಲೆ ಕುಂಬಳಕಾಯಿ ಎಂದರೆ ತಡವಿ ನೋಡಿಕೊಳ್ಳುವವನು. ಇಂಥವನು ಬೈಕು ಯಾಕೆ ಹತ್ತಬೇಕು, ಇಂಥವನು ಬದುಕಿ ದಡಿಯನಂಥವನು ಯಾಕೆ ಸಾಯಬೇಕು ಎಂದೆಲ್ಲ ಅವನಿಗೆ ಅನ್ನಿಸಿತು. ಹೀಗೆ ಅನ್ನಿಸುವುದು ಸುಲಭವಾಗಿತ್ತು, ಹಾಗಾಗಿ ಅವನು ಅದನ್ನೇ ಹಿಡಿದುಕೊಂಡ.

"ನಂಗೆ ಆಗ್ಲೇ ಹೇಳಿದ್ದೀನಲ್ಲ, ಏನೂ ಕಾಣ್ಲಿಲ್ಲ ಅಂತ," ಎಂದ.

"ಹಾಗಾದ್ರೆ ಸರಿ ಅಣ್ಣಾ." ಗುಮಾಸ್ತ ತಲೆಯಾಡಿಸಿದ. ಬಾಗಿಲವರೆಗೆ ಹೋಗಿ ನಿಂತ. "ನಮ್ಮಮ್ಮ ನಂಗೆ ರೂಮಿನ ಬಾಗಿಲು ಹಾಕ್ಕೊಳ್ಳೋಕೆ ಬಿಡ್ತಿಲ್ಲ. ಏನಾದ್ರೂ ಮಾಡ್ಕೊಂಡುಬಿಡ್ತಾನೆ ಅಂತ ಹೊಸ್ತಿಲಲ್ಲೇ ಕೂತಿರ್ತಾರೆ. ಮಂಡಿನೋವು ಬೇರೆ ಅವರಿಗೆ. ಇಲ್ಲಮ್ಮ, ಏನೂ ಮಾಡ್ಕೊಳ್ಳಲ್ಲ ಅಂದ್ರೆ ನಂಬಲ್ಲ." ಮುಗುಳ್ನಗಲು ನೋಡಿದ, ಆಗಲಿಲ್ಲ. "ಭಾನುವಾರ ಬರ್ತೀನಿ. ಕ್ಯಾಪ್ಟನ್ ಹೇಳಿದ್ದಾರೆ."

ಅವನು ಹೋದ ಮೇಲೆ ನೋಡಿದರೆ ಬಾಚಿಹಲ್ಲು ಸೊಟ್ಟಗೆ ಕೂತಿತ್ತು. ಕೊಂಕಪ್ಪ ಅದನ್ನು ಕಿತ್ತು ಮತ್ತೆ ಕೂರಿಸಿದ. ಮತ್ತೆ ಸೊಟ್ಟಗಾಯಿತು. ಇಪ್ಪತ್ತು ವರ್ಷದ ಕಸುಬಿನಲ್ಲಿ ಹೀಗಾಗಿದ್ದು ಮೊದಲ ಸಲ. ಡಾಕ್ಟರು ಕಳಿಸಿದ ಮೇಣವೇ ಕಳಪೆ ಎಂದು ಬೈದುಕೊಂಡು ದೀಪ ಆರಿಸಿದ.

ಶುಕ್ರವಾರ ಸಂಜೆ ದಡಿಯನ ಹೆಂಡತಿಗೆ ಟೀ ಶರ್ಟು ಕೊಟ್ಟು, ಭಾನುವಾರಕ್ಕೆ ಕರೆದು ಬರುವ ಕೆಲಸವೂ ಅವನ ತಲೆಗೇ ಬಿತ್ತು. ಅವಳು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಬಸ್ಸುಗಳು ಹೊರಟ ಹೊತ್ತು, ಬಂದ ಹೊತ್ತು ಬರೆಯುವವಳು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮೇಜಿನ ಮೇಲೆ ಕಂಬಳಿ ಹಾಸಿ ಮರುದಿನದ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ಅವನು ಒಳಗೆ ಬಂದು ಕೂತರೂ ಕೈ ನಿಲ್ಲಿಸಲಿಲ್ಲ. ಅವನು ಪೊಟ್ಟಣ ಮುಂದಿಟ್ಟ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಟೀ ಶರ್ಟು ಬಿಡಿಸಿ ನೋಡಿದಳು.

"ಇವರಿಗೆ ರೆಕ್ಕೆ ಯಾಕೆ ಹಾಕಿದ್ದಾರೆ?"

"ಕ್ಯಾಪ್ಟನ್ ಬುದ್ಧಿ, ಅತ್ತಿಗೆ."

"ನೂರಾ ನಾಲ್ಕು ಕೆಜಿ. ಎರಡು ರೆಕ್ಕೆ ಸಾಲುತ್ತಾ?" ಅವಳು ನಗಲಿಲ್ಲ. ಮಡಚಿ ಪಕ್ಕಕ್ಕಿಟ್ಟಳು. "ಭಾನುವಾರ ಏನಿದೆ ಕಾರ್ಯಕ್ರಮ?"

ಅವನು ಹೇಳಿದ. ಮೌನ, ಭಾಷಣ, ಗುಮಾಸ್ತನ ಜಾಕೆಟ್ಟು. ಅವಳು ಅಂಗಿಯ ತೋಳನ್ನು ಒತ್ತುತ್ತಾ ಪೂರ್ತಿ ಕೇಳಿದಳು.

"ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ," ಎಂದಳು. "ಡಿಪೋದಲ್ಲಿ ಕೂತು ಬಂದ ಅಭ್ಯಾಸ. ಯಾವುದೇ ಬಸ್ಸಿಗೆ ಅಪಘಾತ ಆದ್ರೂ ನಮ್ಮೋರು ಮೊದಲು ಕರೆಸೋದು ಅದಕ್ಕಿಂತ ಸ್ವಲ್ಪ ಮುಂಚೆ ಅದೇ ದಾರೀಲಿ ಹೋದ ಬಸ್ಸಿನ ಡ್ರೈವರ್‌ನ. ನೀನು ಹೇಗೆ ಪಾಸಾದೆ ಅಂತ ಕೇಳ್ತಾರೆ. ನೀವು ನಾಲ್ಕು ಜನ ಇಷ್ಟು ದಿನ ಮಾತಾಡಿದ್ರಿ, ಅದನ್ನ ಯಾರೂ ಕೇಳ್ಲಿಲ್ಲ. ಗುಮಾಸ್ತ ಕಾಲು ತೋರಿಸ್ಲಿಲ್ಲ, ಸರಿ. ಅವನ ಹಿಂದೆ ಇದ್ದೋರು ನೀವು. ನೀವು ಹೇಗೆ ದಾಟಿದ್ರಿ?"

"ನಂಗೆ ಜಲ್ಲಿ ಕಾಣ್ತು," ಎಂದ.

"ಕಂಡ್ರೆ ನೀವು ಕಾಲು ಚಾಚ್ತೀರಲ್ಲ. ನಿಮ್ಮ ಗುಂಪಲ್ಲಿ ತಪ್ಪದೆ ಚಾಚೋರು ನೀವೊಬ್ರೇ ಅಂತ ಇವರೇ ಹೇಳ್ತಿದ್ರು. ಎಲ್ಲರ ಮುಂದೆ ಆಡ್ಕೋತೀನಿ, ಆದ್ರೆ ಕೊಂಕಪ್ಪ ಮುಂದಿದ್ರೆ ಕಣ್ಣು ಮುಚ್ಕೊಂಡು ಹೋಗ್ಬಹುದು ಕಣೇ ಅಂತಿದ್ರು. ಅದಕ್ಕೇ ಯಾವಾಗ್ಲೂ ನಿಮ್ಮ ಹಿಂದೇನೇ ಬರ್ತಿದ್ರು. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಅವನು ತನ್ನ ಬೆನ್ನ ಹಿಂದೆಯೇ ಯಾಕೆ ಬರುತ್ತಾನೆಂದು ಇವನು ಯೋಚಿಸಿಯೂ ಇರಲಿಲ್ಲ, ದಪ್ಪಗಿದ್ದಾನೆ, ಗಾಳಿ ತಡೆಯಲು ಬರುತ್ತಾನೆ ಎಂದು ಒಮ್ಮೆ ಗೇಲಿ ಮಾಡಿದ್ದಷ್ಟೇ. ಕಾಲು ಬೇಡ ಎಂದು ನಗೆಯಾಡಿದವನು ಅವತ್ತೂ ಆ ಕಾಲನ್ನೇ ನಂಬಿಕೊಂಡು ಬರುತ್ತಿದ್ದ.

ಹೇಳಿದ. ನಾಯಿಯ ಅಣಕದಿಂದ ಹಿಡಿದು ಎಲ್ಲವನ್ನೂ, ಅವಳ ಮುಖ ನೋಡದೆ, ನೆಲದ ಕಡೆ ನೋಡುತ್ತಾ ಹೇಳಿದ. ಗುಮಾಸ್ತ ಕಾಲು ಚಾಚಿದ್ದ, ನಾನು ನೋಡಿದೆ, ಸಿಟ್ಟಿಗೆ ನಾನು ಚಾಚಲಿಲ್ಲ, ಆಮೇಲೆ ಕಾಣಲಿಲ್ಲ ಎಂದೆ. ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಚಿಕ್ಕ ವಿಷಯವಾಗಿತ್ತು.

ಅವಳು ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತಳು. ಅವಳು ಕಿರುಚಲಿ, ಹೊಡೆಯಲಿ ಎಂದು ಅವನು ಕಾದ.

"ಆ ಮನುಷ್ಯ ಮೂರು ಸಲ ಬಂದಿದ್ದ," ಎಂದಳು ಕೊನೆಗೆ. "ಎರಡು ಸಲ ನಾನು ಬಾಗಿಲು ತೆಗೀಲಿಲ್ಲ. ಮೂರನೇ ಸಲ ಮೆಟ್ಟಿಲ ಮೇಲೆ ಕೂತಿದ್ದ. ಕೆಲಸಕ್ಕೆ ಹೊರಟಿದ್ದೆ, ಅವನನ್ನ ದಾಟ್ಕೊಂಡು ಇಳಿದು ಹೋದೆ. ಕಸದ ಚೀಲ ದಾಟ್ಕೊಂಡು ಹೋಗ್ತೀವಲ್ಲ, ಹಾಗೆ. ಸಂಜೆ ಬಂದಾಗ್ಲೂ ಅಲ್ಲೇ ಕೂತಿದ್ದ. ಒಂದು ಲೋಟ ನೀರು ಕೊಡ್ಲಿಲ್ಲ ನಾನು. ನನ್ನ ಕೈಲಿ ಅದನ್ನ ಮಾಡಿಸಿದ್ರಲ್ಲ ನೀವು."

ಕೊಂಕಪ್ಪನ ಕಣ್ಣಲ್ಲಿ ನೀರು ಬಂತು.

"ಇಲ್ಲಿ ಬೇಡ," ಎಂದಳು ಅವಳು. "ಈ ಮನೇಲಿ ಅಳೋಕೆ ನಾನಿದ್ದೀನಿ. ನಂಗೆ ಹೇಳಿ ಹಗುರ ಮಾಡ್ಕೊಂಡು ಹೋಗ್ತೀರಾ? ನಂಗೆ ಹೇಳಿದ್ರೆ ಇವರೇನು ಎದ್ದು ಬರ್ತಾರಾ? ಯಾರು ಇನ್ನೂ ಉಸಿರಾಡ್ತಿದ್ದಾರೋ ಅವರಿಗೆ ಹೋಗಿ ಹೇಳಿ." ಟೀ ಶರ್ಟನ್ನು ಅವನ ಕೈಗಿಟ್ಟಳು. "ಭಾನುವಾರ ನಾನು ಬರಲ್ಲ. ನೀವು ಹೇಳಿದ್ರೋ ಇಲ್ವೋ ಅಂತ ವಿಚಾರಿಸೋಕೂ ಬರಲ್ಲ. ಹೇಳದೆ ಇದ್ರೆ ಇನ್ಮುಂದೆ ನನ್ನ ಅತ್ತಿಗೆ ಅಂತ ಕರೀಬೇಡಿ."

ಅವನು ಆ ಸಂಜೆಯೇ ಗುಮಾಸ್ತನ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಶನಿವಾರವೂ ಹೋಗಲಿಲ್ಲ. ಎಲ್ಲರನ್ನೂ ಹೇಡಿಗಳೆಂದು ಜರಿಯುತ್ತಿದ್ದ ಈ ಮಹಾಶಯ ಆ ಬೀದಿಯ ತುದಿಯವರೆಗೆ ಎರಡು ಸಲ ಹೋಗಿ, ಎರಡು ಸಲವೂ ಬೈಕು ತಿರುಗಿಸಿಕೊಂಡು ಬಂದ.

ಭಾನುವಾರ ಬೆಳಿಗ್ಗೆ ತಿರುವಿನಲ್ಲಿ ನಾಲ್ಕು ಬೈಕು ಸಾಲಾಗಿ ನಿಂತವು. ಜಲ್ಲಿ ಯಾರೋ ಗುಡಿಸಿ ತೆಗೆದಿದ್ದರು. ಮೂವರ ಎದೆಯ ಮೇಲೂ ದಡಿಯ ರೆಕ್ಕೆ ಬಿಚ್ಚಿಕೊಂಡು ನಗುತ್ತಿದ್ದ. ಕ್ಯಾಪ್ಟನ್‌ನ ಹೊಟ್ಟೆ ದೊಡ್ಡದು, ಹಾಗಾಗಿ ಅವನ ದಡಿಯ ಇನ್ನಷ್ಟು ಅಗಲವಾಗಿದ್ದ. ಫೋಟೊದವನು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿದ್ದ. ಗುಮಾಸ್ತ ಬೈಕು ತಂದಿರಲಿಲ್ಲ, ಬಸ್ಸಿನಲ್ಲಿ ಬಂದು ಇಳಿದು ನಡೆದುಬಂದ. ಜಾಕೆಟ್ಟನ್ನು ಹಾಕಿಕೊಂಡಿರಲಿಲ್ಲ. ಒಗೆದು, ಮಡಚಿ, ಚೀಲದಲ್ಲಿಟ್ಟು ತಂದಿದ್ದ. ಕೇಳುವ ತೊಂದರೆಯನ್ನೂ ಯಾರಿಗೂ ಕೊಡಬಾರದು ಎಂಬ ಮನುಷ್ಯ. ದೂರದಲ್ಲಿ, ಮೋರಿಯ ಹತ್ತಿರ, ತಲೆ ತಗ್ಗಿಸಿ ನಿಂತ.

ಎರಡು ನಿಮಿಷದ ಮೌನ ಮುಗಿಯಿತು. ಕ್ಯಾಪ್ಟನ್ ಕೊಂಕಪ್ಪನಿಗೆ ಕಣ್ಸನ್ನೆ ಮಾಡಿದ.

"ಗುಮಾಸ್ತ ಅವತ್ತು ಕಾಲು ಚಾಚಿದ್ದ," ಎಂದ ಕೊಂಕಪ್ಪ. "ನಾನು ನೋಡ್ದೆ. ನಾನು ಚಾಚ್ಲಿಲ್ಲ. ದಡಿಯ ಬಿದ್ದದ್ದು ನನ್ನಿಂದ."

ಗಾಳಿ ಬೀಸುತ್ತಿತ್ತು. ಕ್ಯಾಪ್ಟನ್ ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಕಣ್ಣು ಆಗಲೇ ತುಂಬಿತ್ತು. "ನೋಡಿದ್ರಾ, ದೊಡ್ಡತನ ಅಂದ್ರೆ ಇದು," ಎಂದ ಉಳಿದವರಿಗೆ. "ಸತ್ತೋನ ಹೆಸರಲ್ಲಿ ಇನ್ನೊಬ್ಬನ ತಪ್ಪನ್ನೂ ತಲೆ ಮೇಲೆ ಹಾಕ್ಕೋತಾನೆ. ದುಃಖ ಜಾಸ್ತಿ ಆದಾಗ ಹೀಗೆಲ್ಲ ಅನ್ಸುತ್ತೆ ಕಣಪ್ಪ."

"ಇನ್ನೊಂದ್ಸಲ ಹೇಳ್ತೀರಾ?" ಎಂದ ಫೋಟೊದವನು. "ಗಾಳಿ ಸದ್ದು ಬಂತು."

ಕೊಂಕಪ್ಪ ಆ ಕೈಯನ್ನು ಹೆಗಲಿಂದ ತೆಗೆದ. ಸತ್ಯ ಹೇಳಿದರೂ ಹಾರ ಹಾಕಿಸಿಕೊಳ್ಳುವ ಪರಿಸ್ಥಿತಿ ಬಂದಿತ್ತು. "ಸಾರಿ ಕ್ಯಾಪ್ಟನ್, ನಿನ್ನ ಭಾಷಣ ಹಾಳಾಯ್ತು," ಎಂದ. "ಚಹಾದಂಗಡೀಲಿ ಅವನು ನಾಯಿ ಹಾಗೆ ಕಾಲೆತ್ತಿ ತೋರಿಸಿದ್ನಲ್ಲ, ನೀವೆಲ್ಲ ನಕ್ರಲ್ಲ. ಆ ಉರಿ ನಂಗೆ. ಅದಕ್ಕೆ ಬೇಕು ಅಂತಲೇ ಕಾಲು ಚಾಚ್ಲಿಲ್ಲ. ಗುಮಾಸ್ತ ತೋರಿಸ್ದೇ ಇದ್ರೆ ನಾನು ಹೇಗೆ ದಾಟ್ತಿದ್ದೆ? ಅಷ್ಟೂ ಹೊಳೀಲಿಲ್ವಾ ನಿಮಗೆ? ಆಮೇಲೆ ನೀನು ಕೇಳಿದಾಗ ಸುಳ್ಳು ಹೇಳ್ದೆ. ಸಾಕಾ, ಇನ್ನೂ ಬಿಡಿಸಿ ಹೇಳ್ಲಾ?"

ಈಗ ಅವರಿಗೆ ಅರ್ಥವಾಯಿತು. ಔಷಧಿ ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ. ಫೋಟೊದವನು ಕ್ಯಾಮೆರಾ ಆರಿಸಿದ. ಕ್ಯಾಪ್ಟನ್‌ನ ಮುಖದಲ್ಲಿ ಕಣ್ಣೀರು ಇದ್ದಲ್ಲಿಯೇ ನಿಂತು, ಅದರ ಹಿಂದಿನಿಂದ ಬೇರೆಯದೇ ನೋಟ ಬಂತು. ಆ ನೋಟವನ್ನು ಕೊಂಕಪ್ಪ ಚೆನ್ನಾಗಿ ಬಲ್ಲ. ಜೀವಮಾನವೆಲ್ಲ ಅವನು ಬೇರೆಯವರಿಗೆ ಕೊಟ್ಟುಕೊಂಡು ಬಂದಿದ್ದು ಅದನ್ನೇ. ಥೂ, ಎಂದು ಕ್ಯಾಪ್ಟನ್ ರಸ್ತೆಯ ಮೇಲೆ ಉಗಿದ. ಕೊಂಕಪ್ಪನಿಗೆ ಅದರಿಂದ ನೋವಾಗಲಿಲ್ಲ, ಒಂದು ಬಗೆಯ ಸಮಾಧಾನವೇ ಆಯಿತು. ಇನ್ನು ಗುಮಾಸ್ತ ಬಂದು ಕಪಾಳಕ್ಕೆ ನಾಲ್ಕು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವನ ಕಡೆ ತಿರುಗಿದ.

ಗುಮಾಸ್ತ ಯಾರನ್ನೂ ನೋಡುತ್ತಿರಲಿಲ್ಲ. ಜೇಬಿನಿಂದ ಫೋನು ತೆಗೆದಿದ್ದ. ಎರಡು ಸಲ ತಪ್ಪು ನಂಬರು ಒತ್ತಿದ.

"ಅಮ್ಮಾ," ಎಂದ. "ಅಮ್ಮಾ, ನಾನು ಕಾಲು ಚಾಚಿದ್ದೆ. ಹೂಂ. ಚಾಚಿದ್ನಂತೆ ಅಮ್ಮಾ. ಇಲ್ಲ, ನಿಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ. ಕಂಡೋರೇ ಹೇಳಿದ್ರು, ಎಲ್ಲರ ಮುಂದೆ ಹೇಳಿದ್ರು. ಇಲ್ಲೇ ಇದ್ದಾರೆ." ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಒತ್ತರಿಸಿ ಬಂತು. ಫೋನನ್ನು ಕೊಂಕಪ್ಪನ ಮುಂದೆ ಹಿಡಿದ. "ಅಣ್ಣಾ, ನಂಬ್ತಿಲ್ಲ ಅವರು. ನೀವೇ ಒಂದು ಮಾತು ಹೇಳಿ."

ಕೊಂಕಪ್ಪ ಫೋನು ಕಿವಿಗಿಟ್ಟುಕೊಂಡ. ಆ ಕಡೆ ಏದುಸಿರು ಕೇಳುತ್ತಿತ್ತು.

"ನಿಜವೇನಪ್ಪ?" ಎಂದಿತು ಮುದುಕಿಯ ದನಿ. "ನನ್ನ ಮಗನ ತಪ್ಪಿಲ್ವಾ?"

"ಇಲ್ಲಮ್ಮ. ಅವನದೇನೂ ತಪ್ಪಿಲ್ಲ. ತಪ್ಪೆಲ್ಲ ನಂ—"

ಅವಳು ಕೊನೆಯವರೆಗೆ ಕೇಳಲಿಲ್ಲ. ಅವಳಿಗೆ ಬೇಕಾದ ಮಾತು ಸಿಕ್ಕಿತ್ತು. "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಂದಾ," ಎಂದಳು. "ನನ್ನ ಮಗನ್ನ ನಂಗೆ ವಾಪಸ್ ಕೊಟ್ಟೆ. ಯಾರೂ ಬಾಯಿ ಬಿಡದೇ ಇದ್ದಾಗ ನೀನೊಬ್ಬ ಬಿಟ್ಟೆ. ನಿನ್ನ ಹೆತ್ತೋಳು ಪುಣ್ಯವಂತೆ."

"ಅಮ್ಮಾ, ಹಾಗಲ್ಲ, ನಾನು ಹೇಳೋದು ಕೇಳಿ—"

"ಒಂದ್ಸಲ ಮನೆಗೆ ಬಾಪ್ಪ. ನಿನ್ನ ಮುಖ ನೋಡ್ಬೇಕು ನಾನು. ನೂರು ವರ್ಷ ಬಾಳು."

ಕೊಂಕಪ್ಪ ಫೋನನ್ನು ಗುಮಾಸ್ತನಿಗೆ ಕೊಡಲು ಕೈ ಚಾಚಿದ. ಗುಮಾಸ್ತ ಮೋರಿಯ ಕಟ್ಟೆಯ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ತೆಗೆದುಕೊಳ್ಳಲು ಬೇರೆ ಯಾರೂ ಹತ್ತಿರ ಬರಲಿಲ್ಲ. ಅವನು ಅದನ್ನು ಮತ್ತೆ ಕಿವಿಗಿಟ್ಟುಕೊಂಡ. ಅವಳು ಇನ್ನೂ ಹರಸುತ್ತಿದ್ದಳು.